ಚೀಲ ತಂದವಳು

ಮಚ್ಚನ್ನು ಲಾಂಡ್ರಿಯ ಒಳಕ್ಕೆ ತಂದವಳು ನಾನು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ನಾನು ಯಾರನ್ನು ಬೈದರೂ ಇದನ್ನು ನೆನಪಿನಲ್ಲಿ ಇಟ್ಟುಕೊಂಡೇ ಕೇಳಿ.

ಆಗ ನನಗೆ ಹದಿನಾರು. ಹುಡುಗರು ನನ್ನನ್ನು ಮೊಳೆ ಅಂತ ಕರೆಯುತ್ತಿದ್ದರು. ಸಣಕಲಿ, ಚೂಪು ಬಾಯಿ, ಎಲ್ಲಿ ಬೇಕಾದರೂ ತೂರುತ್ತಾಳೆ ಅಂತ. ಆ ಹೆಸರು ನನಗೆ ಇಷ್ಟವಾಗಿತ್ತು. ಅದಕ್ಕೆ ಮೊದಲು ನನಗಿದ್ದದ್ದು ಶಾಲೆಯಲ್ಲಿ ಇಟ್ಟ ಹೆಸರು. ನಾತ.

ನಮ್ಮದು ಲಾಂಡ್ರಿಯ ಬೆನ್ನಿಗೆ ಅಂಟಿಕೊಂಡ ಸಾಲುಮನೆ. ಹದಿನೆಂಟು ಬಾಗಿಲು, ಬಾಗಿಲಿಗೊಂದು ಕೋಣೆ. ಮುಂದೆ ಮೋರಿ. ಲಾಂಡ್ರಿಗೆ ಬರುವುದೆಲ್ಲ ಆಸ್ಪತ್ರೆಯ ಬಟ್ಟೆ. ಬೆಡ್‌ಶೀಟು, ದಿಂಬಿನ ಕವರು, ಆಪರೇಷನ್ ಕೋಣೆಯ ಹಸಿರು ಬಟ್ಟೆ. ಗಂಟುಗಂಟಾಗಿ ತಂದು ಸಿಮೆಂಟು ನೆಲದ ಮೇಲೆ ಎಸೆಯುತ್ತಾರೆ. ಗಂಟು ಬಿಚ್ಚುವುದು ಹೆಂಗಸರ ಕೆಲಸ. ರಕ್ತ, ಕೀವು, ವಾಂತಿ, ಹೇಲು. ಬರಿಗೈಯಲ್ಲಿ ಬಿಡಿಸಬೇಕು, ಬರಿಗೈಯಲ್ಲಿ ಕೊಡವಬೇಕು. ಮೊದಲು ತಣ್ಣೀರಿನ ತೊಟ್ಟಿ. ನೇರವಾಗಿ ಬಿಸಿನೀರಿಗೆ ಹಾಕಿದರೆ ರಕ್ತದ ಕಲೆ ಕೂತುಬಿಡುತ್ತದೆ. ಆಮೇಲೆ ಸೋಡಾ. ಆಮೇಲೆ ಕುದಿಯುವ ತೊಟ್ಟಿ. ಕೊನೆಗೆ ಬ್ಲೀಚಿಂಗ್ ಪುಡಿ. ಅಮ್ಮ ಹತ್ತೊಂಬತ್ತು ವರ್ಷ ಇದನ್ನು ಮಾಡಿದ್ದಳು. ಅವಳ ಹೆಬ್ಬೆಟ್ಟಿನ ಗುರುತು ಯಾವ ಯಂತ್ರದಲ್ಲೂ ಮೂಡುತ್ತಿರಲಿಲ್ಲ. ಗೆರೆಗಳೆಲ್ಲ ಸೋಡಾದಲ್ಲಿ ಕೊಚ್ಚಿಹೋಗಿದ್ದವು. ಎರಡು ಬೆರಳಿಗೆ ಉಗುರಿರಲಿಲ್ಲ.

ಬ್ಲೀಚಿಂಗ್ ವಾಸನೆ ನಮ್ಮ ಗೋಡೆಯಲ್ಲಿತ್ತು, ಚಾಪೆಯಲ್ಲಿತ್ತು, ನನ್ನ ತಲೆಗೂದಲಲ್ಲಿತ್ತು. ಶಾಲೆಯಲ್ಲಿ ನನಗೆ ಕೊನೆಯ ಬೆಂಚು, ಒಬ್ಬಳೇ. ಟೀಚರ್ ನನ್ನ ಪುಸ್ತಕ ತಿದ್ದುವಾಗ ಮಾತ್ರ ಮೂಗಿಗೆ ಕರ್ಚೀಫು ಹಿಡಿಯುತ್ತಿದ್ದರು. ಅದನ್ನು ನೋಡಿ ನೋಡಿ ನಗುವುದು ಕಲಿತಿದ್ದೆ. ಮೊದಲು ನಾನೇ ನಕ್ಕುಬಿಟ್ಟರೆ ಬೇರೆಯವರ ನಗು ಅಷ್ಟು ಚುಚ್ಚುವುದಿಲ್ಲ.

ನನಗೆ ಹದಿನಾಲ್ಕಾಗಿದ್ದಾಗ ಒಂದು ದಿನ ಬಸ್ಸಿನಲ್ಲಿ ಒಬ್ಬಾಕೆ ನನ್ನ ಪಕ್ಕ ಕೂರಲಾಗುವುದಿಲ್ಲ ಎಂದಳು. ಕಂಡಕ್ಟರ್ ನನ್ನ ತೋಳು ಹಿಡಿದು, ಸ್ಟಾಪೇ ಅಲ್ಲದ ಕಡೆ ಇಳಿಸಿದ. "ಸ್ನಾನ ಮಾಡಿ ಬಾ" ಎಂದ. ಇಡೀ ಬಸ್ಸು ನಕ್ಕಿತು. ಈ ಸಲ ನನಗೆ ನಗು ಬರಲಿಲ್ಲ. ಮಧ್ಯಾಹ್ನದ ಬಿಸಿಲಿನಲ್ಲಿ ಅಷ್ಟು ದೂರ ನಡೆದುಕೊಂಡೇ ಬಂದೆ.

ದಾರಿಯಲ್ಲಿ ರೇಡಿಯೋ ಸಿಕ್ಕಿದ. ನಮ್ಮ ಸಾಲಿನ ಏಳನೇ ಬಾಗಿಲಿನವನು, ನನಗಿಂತ ಒಂದು ವರ್ಷ ದೊಡ್ಡವನು. ಬಾಯಿ ಮುಚ್ಚಿದ್ದನ್ನು ಯಾರೂ ನೋಡಿಲ್ಲ, ಅದಕ್ಕೇ ರೇಡಿಯೋ. ನಿದ್ದೆಯಲ್ಲೂ ವಾರ್ತೆ ಓದುತ್ತಾನೆ ಅಂತ ಅವನ ತಾಯಿಯೇ ಹೇಳುತ್ತಿದ್ದಳು. ಅವನು ಕೇಳಿದ, ನಾನು ಹೇಳಿದೆ. ಅವನು ನನ್ನನ್ನು ಮಾವನ ಬಳಿಗೆ ಕರೆದುಕೊಂಡು ಹೋದ.

ಮಾವ ಯಾರಿಗೂ ಮಾವನಲ್ಲ. ನಮ್ಮ ಹುಡುಗರನ್ನೆಲ್ಲ "ಅಳಿಯ" ಅನ್ನುತ್ತಿದ್ದ, ಹುಡುಗರು "ಮಾವ" ಅನ್ನುತ್ತಿದ್ದರು. ಲಾಂಡ್ರಿಯ ಎದುರು ರಸ್ತೆಯಲ್ಲಿ ಅವನದೊಂದು ಜಿಮ್ಮು. ಕನ್ನಡಿ, ಕಬ್ಬಿಣದ ತೂಕ, ಒಂದು ಕೇರಂ ಬೋರ್ಡು. ಸಾಲುಮನೆಯ ಹುಡುಗರು ಚಪ್ಪಲಿ ಬಿಡದೆ ಒಳಗೆ ಹೋಗಬಹುದಾಗಿದ್ದ ಜಾಗ ಊರಿಗೆಲ್ಲ ಅದೊಂದೇ.

ನನ್ನ ಮಾತು ಕೇಳಿ ಮಾವ ಎದ್ದು ನಿಂತ. "ಯಾವ ನಂಬರ್ ಬಸ್ಸು, ಸೊಸೆ?" ಎಂದ. ಅಷ್ಟೇ.

ಮರುದಿನ ಅದೇ ಬಸ್ಸನ್ನು ನಿಲ್ಲಿಸಿದರು. ಕಂಡಕ್ಟರನನ್ನು ಇಳಿಸಿ ನನ್ನ ಎದುರು ನಿಲ್ಲಿಸಿದರು. ಅವನು ಕೈ ಮುಗಿದ. "ತಪ್ಪಾಯ್ತಮ್ಮ" ಎಂದ. ಬಸ್ಸಿನೊಳಗೆ ಈ ಸಲ ಒಬ್ಬರೂ ನಗಲಿಲ್ಲ. ಆಮೇಲೆ ರೇಡಿಯೋ ಅವನ ಬಾಯಿಗೆ ಗುದ್ದಿದ. ಅದನ್ನು ನಾನು ಕೇಳಿರಲಿಲ್ಲ. ಬೇಡ ಅಂತಲೂ ಅನ್ನಲಿಲ್ಲ. ಅವತ್ತು ನಾನು ಮನೆಗೆ ಬಂದದ್ದು ನಡೆದೋ ಹಾರಿಯೋ ಗೊತ್ತಿಲ್ಲ. ಹುಟ್ಟಿದಾಗಿನಿಂದ ನನ್ನ ಪರವಾಗಿ ಯಾರೂ ಒಂದು ಬಸ್ಸು ನಿಲ್ಲಿಸಿರಲಿಲ್ಲ.

ಹೀಗೆ ನಾನು ಅವರವಳಾದೆ.

ನನ್ನ ಕೆಲಸ ಚೀಲ ಹೊರುವುದು. ಹುಡುಗರನ್ನು ಪೊಲೀಸರು ಮೂಲೆಮೂಲೆಗೆ ನಿಲ್ಲಿಸಿ ತಡವುತ್ತಿದ್ದರು. ಶಾಲೆಯ ಹುಡುಗಿಯ ಚೀಲವನ್ನು ಯಾರೂ ಮುಟ್ಟುತ್ತಿರಲಿಲ್ಲ. ಅದರಲ್ಲೂ ನಮ್ಮ ಸಾಲಿನವಳ ಚೀಲವನ್ನು. ಎರಡು ವರ್ಷ ನನ್ನ ನಾತವೇ ನನಗೆ ಕಾವಲಾಯಿತು. ಇಲ್ಲಿಂದ ಅಲ್ಲಿಗೆ, ಅಲ್ಲಿಂದ ಇಲ್ಲಿಗೆ. ನೋಡಬಾರದು, ಕೇಳಬಾರದು, ಅದು ಮಾವನ ಕಟ್ಟಳೆ. ನೋಡುತ್ತಿರಲಿಲ್ಲ. ಆದರೆ ಹೆಗಲಿಗೆ ತೂಕ ಗೊತ್ತಾಗುತ್ತದೆ.

ಒಂದು ಬೆಳಿಗ್ಗೆ ಸೀಮೆಎಣ್ಣೆಯ ಸಾಲಿನಲ್ಲಿ ಆ ಕಂಡಕ್ಟರನನ್ನು ಕಂಡೆ. ಮುಂದಿನ ಎರಡು ಹಲ್ಲು ಇರಲಿಲ್ಲ. ಪುಟ್ಟ ಮಗಳೊಬ್ಬಳು ಅವನ ಬೆರಳು ಹಿಡಿದಿದ್ದಳು. ನನ್ನನ್ನು ಕಂಡದ್ದೇ ಅವನು ಮಗಳನ್ನು ತನ್ನ ಹಿಂದಕ್ಕೆ ಎಳೆದುಕೊಂಡ. ನನಗೆ ಹೆದರಿದ. ಎಣ್ಣೆ ಕೊಳ್ಳದೆಯೇ ಸಾಲು ಬಿಟ್ಟು ಬಂದೆ. ಹೆದರಿಸುವುದು ಇಷ್ಟು ದಿನ ಸಿಹಿಯಾಗಿತ್ತಲ್ಲ, ಈಗ ಯಾಕೆ ಹೀಗೆ ಅಂತ ರೇಡಿಯೋನನ್ನು ಕೇಳಿದೆ.

"ನಿನ್ನ ಕಣ್ಣಿಗೆ ಧೂಳು ಬಿದ್ದಿದೆ ಕಣೆ, ತೊಳ್ಕೋ" ಎಂದ. "ಅವನು ನಿನ್ನ ಇಳಿಸಿದ್ದು ಮರ್ತ್ಯಾ?"

ಮರೆತಿರಲಿಲ್ಲ. ಅದೇ ಕಷ್ಟ. ಎರಡನ್ನೂ ಮರೆಯಲಾಗುತ್ತಿರಲಿಲ್ಲ.

ಆ ವರ್ಷವೇ ಚಿಕ್ಕಮ್ಮ ಸತ್ತಳು. ಅಮ್ಮನ ತಂಗಿ, ಅಮ್ಮನ ಪಕ್ಕದ ತೊಟ್ಟಿಯವಳು. ಗಂಟು ಬಿಡಿಸುವಾಗ ಬೆಡ್‌ಶೀಟಿನ ಮಡಿಕೆಯಲ್ಲಿದ್ದ ಸೂಜಿ ಅಂಗೈಗೆ ನಾಟಿತು. ಆಸ್ಪತ್ರೆಯವರು ಸೂಜಿ ಆರಿಸದೆ ಹಾಗೇ ಸುತ್ತಿ ಕಳಿಸುತ್ತಿದ್ದರು. ಎಲ್ಲರಿಗೂ ಚುಚ್ಚಿತ್ತು, ಎಲ್ಲರೂ ಕೈ ಝಾಡಿಸಿ ಕೆಲಸ ಮುಂದುವರಿಸಿದ್ದರು. ಚಿಕ್ಕಮ್ಮನೂ ಹಾಗೇ ಮಾಡಿದಳು. ಮೂರು ತಿಂಗಳಿಗೆ ಅವಳ ಕಣ್ಣು ಹಳದಿಯಾಯಿತು, ಹೊಟ್ಟೆ ಊದಿತು. ಅದೇ ಆಸ್ಪತ್ರೆಯಲ್ಲಿ ಹೋದಳು. ಅವಳು ಮಲಗಿದ್ದ ಹಾಸು ಮರುದಿನದ ಗಂಟಿನಲ್ಲಿ ಲಾಂಡ್ರಿಗೆ ಬಂತು. ಯಾವುದು ಅಂತ ಹೇಗೆ ಗೊತ್ತಾಗಬೇಕು? ಅಮ್ಮ ಅವತ್ತು ಪ್ರತಿಯೊಂದನ್ನೂ ಅವಳದೇ ಎಂಬಂತೆ ಒಗೆದಳು.

ಲಾಂಡ್ರಿಯ ಬಾಯ್ಲರ್ ನೋಡಿಕೊಳ್ಳುತ್ತಿದ್ದವನನ್ನು ನಾವೆಲ್ಲ ಬಾಯ್ಲರ್ ಅಣ್ಣ ಅನ್ನುತ್ತಿದ್ದೆವು. ಮೂವತ್ತೈದರ ಆಸುಪಾಸು. ಉಗಿಯಲ್ಲಿ ಬೆಂದು ಮುಖ ಯಾವಾಗಲೂ ಕೆಂಪು. ಚಿಕ್ಕಮ್ಮ ಹೋದ ವಾರ ಅವನು ಒಂದು ಅರ್ಜಿ ಬರೆದ. ಎರಡೇ ಮಾತು. ಮೊಣಕೈವರೆಗೆ ಬರುವ ರಬ್ಬರ್ ಗ್ಲೌಸು ಬೇಕು. ಸೂಜಿ ಆರಿಸದ ಗಂಟನ್ನು ನಾವು ಬಿಚ್ಚುವುದಿಲ್ಲ. ಕಾಗದ ಹಿಡಿದು ನಮ್ಮ ಬಾಗಿಲಿಗೇ ಬಂದ.

"ನಾಲ್ಕನೇ ಕ್ಲಾಸಿಗೆ ಬಿಟ್ಟವನು ನಾನು. ತಪ್ಪಿದ್ರೆ ತಿದ್ದು ತಂಗಿ. ಓದಿದವರು ನಗಬಾರದು ನೋಡು."

ಹನ್ನೊಂದು ತಪ್ಪಿದ್ದವು. ಕೆಂಪು ಪೆನ್ನಿನಲ್ಲಿ ತಿದ್ದಿ ಕೊಟ್ಟೆ. ಅವನು ಪಕ್ಕದಲ್ಲೇ ಕೂತು ಮತ್ತೆ ಶುದ್ಧಪ್ರತಿ ಬರೆದ. ಬರೆಯುವಾಗ ನಾಲಿಗೆ ಹಲ್ಲಿನ ನಡುವೆ ಕಚ್ಚಿಕೊಳ್ಳುತ್ತಿದ್ದ. ಕೆಳಗೆ ಹದಿನಾಲ್ಕು ಹೆಂಗಸರು ಹೆಬ್ಬೆಟ್ಟು ಒತ್ತಿದರು. ಹದಿನಾಲ್ಕೂ ಬರಿಯ ನೀಲಿ ಮಚ್ಚೆಗಳು, ಒಂದಕ್ಕೂ ಗೆರೆ ಇಲ್ಲ.

ಓನರ್ ಅರ್ಜಿ ಓದಲಿಲ್ಲ. ಸೂಪರ್‌ವೈಸರ್ ಓದಿ ಹರಿದ. ಬಾಯ್ಲರ್ ಅಣ್ಣ ಗಲಾಟೆ ಮಾಡಲಿಲ್ಲ. "ಸೋಮವಾರ ಬೆಂಕಿ ಹಾಕಲ್ಲ ಸಾರ್" ಎಂದ ಅಷ್ಟೇ. ಬಾಯ್ಲರ್ ನಿಂತರೆ ಬಿಸಿನೀರಿಲ್ಲ. ಬಿಸಿನೀರಿಲ್ಲದೆ ಲಾಂಡ್ರಿ ಇಲ್ಲ.

ಶನಿವಾರ ಬೆಳಿಗ್ಗೆ ಮಾವ ಕರೆಸಿದ. "ಅಮ್ಮಂಗೆ ಊಟದ ಡಬ್ಬಿ ಕೊಡೋಕೆ ಲಾಂಡ್ರಿ ಒಳಗೆ ಹೋಗ್ತೀಯಲ್ಲ ಸೊಸೆ, ಹಾಗೇ ಈ ಚೀಲಾನೂ ತಗೊಂಡು ಹೋಗು. ಬಟ್ಟೆ ಒಣಗಿಸೋ ಅಂಗಳದಲ್ಲಿ ರೇಡಿಯೋ ಇರ್ತಾನೆ."

ಕೈಗೆ ತೆಗೆದುಕೊಂಡೆ. ತೂಕ ಗೊತ್ತಾಯಿತು.

"ಯಾರಿಗೆ ಮಾವ?"

ಎರಡು ವರ್ಷದಲ್ಲಿ ನಾನು ಕೇಳಿದ ಮೊದಲ ಪ್ರಶ್ನೆ ಅದು. ಮಾವ ನನ್ನ ತಲೆ ಸವರಿದ. "ಯಾರಿಗೂ ಏನೂ ಆಗಲ್ಲ. ಸುಮ್ನೆ ತೋರ್ಸಿ ಹೆದರ್ಸೋಕೆ. ನನ್ನ ಮೇಲೆ ನಂಬಿಕೆ ಇಲ್ವಾ?"

ಇದೆ ಅಂದೆ. ಇರಲಿಲ್ಲ. ಇಲ್ಲ ಅಂದಿದ್ದರೆ ಮತ್ತೆ ನಾನು ನಾತವಾಗುತ್ತಿದ್ದೆ, ಅಷ್ಟೇ ಇದ್ದದ್ದು. ಗೇಟಿನ ವಾಚ್‌ಮನ್ ಡಬ್ಬಿ ನೋಡಿ ಕೈ ಬೀಸಿದ. ತೊಟ್ಟಿಯ ಬಳಿ ಅಮ್ಮನಿಗೆ ಡಬ್ಬಿ ಕೊಟ್ಟೆ. ಅಂಗಳಕ್ಕೆ ಹೋದೆ. ರೇಡಿಯೋ ಚೀಲ ತೆಗೆದುಕೊಂಡ, ಮಚ್ಚನ್ನು ಅಂಗಿಯ ಒಳಗೆ ಸೇರಿಸಿ, ಖಾಲಿ ಚೀಲವನ್ನು ನನ್ನ ಹೆಗಲಿಗೇ ವಾಪಸ್ಸು ಹಾಕಿದ. "ಹೋಗು" ಎಂದ. ನಾನು ಹೋಗಲಿಲ್ಲ.

ಅಂಗಳದ ತುಂಬ ಬೆಡ್‌ಶೀಟು. ಹಗ್ಗದಿಂದ ಹಗ್ಗಕ್ಕೆ ಬಿಳಿ ಗೋಡೆಗಳ ಹಾಗೆ. ಬಾಯ್ಲರ್ ಅಣ್ಣ ಅವುಗಳ ನೆರಳಿನಲ್ಲಿ ಊಟಕ್ಕೆ ಕೂತಿದ್ದ. ನನ್ನನ್ನು ಕಂಡು, "ಪರೀಕ್ಷೆ ಯಾವಾಗ ತಂಗಿ?" ಎಂದು ಕೇಳಿದ. ನಾನು ಬಾಯಿ ತೆರೆದೆ. ಓಡು ಅನ್ನಬೇಕಿತ್ತು. ಒಂದೇ ಪದ. ನಾಲಿಗೆ ಅಂಟಿಕೊಂಡಿತು. ಅವನ ಹಿಂದಿನ ಬೆಡ್‌ಶೀಟು ಸರಿಯಿತು.

ಅವನು ತಲೆ ಉಳಿಸಿಕೊಳ್ಳಲು ಬಲಗೈ ಎತ್ತಿದ. ಮೂರು ಬೆರಳು ಹೋದವು.

ರೇಡಿಯೋ ಹೊಡೆದವನು ಹಾಗೇ ನಿಂತುಬಿಟ್ಟ. ತಾನು ಮಾಡಿದ್ದೇನು ಅಂತ ಅವನಿಗೇ ಅರ್ಥವಾಗದ ಹಾಗೆ ನೋಡಿದ. ಆಮೇಲೆ ಗೋಡೆ ಹಾರಿ ಓಡಿದ. ಕೂಗು ಕೇಳಿ ಹೆಂಗಸರು ಬಂದರು. ಅಮ್ಮ ಹಗ್ಗದಿಂದ ಒಗೆದ ಬೆಡ್‌ಶೀಟನ್ನು ಎಳೆದು ಅವನ ಕೈಗೆ ಬಿಗಿದಳು. ಅದು ನೆನೆದಾಗ ಇನ್ನೊಂದು. ಅದೂ ನೆನೆದಾಗ ಮತ್ತೊಂದು. ನಾಲ್ಕನೆಯದನ್ನು ಎಳೆಯುವಾಗ ತಲೆ ಎತ್ತಿ ನನ್ನನ್ನು ನೋಡಿದಳು. ನನ್ನ ಹೆಗಲ ಮೇಲಿನ ಖಾಲಿ ಚೀಲ ನೋಡಿದಳು. ಬಿಗಿಯುವುದನ್ನು ಮುಂದುವರಿಸಿದಳು.

ಅವನನ್ನು ಕೈಗಾಡಿಯಲ್ಲಿ ಆಸ್ಪತ್ರೆಗೆ ತಳ್ಳಿಕೊಂಡು ಹೋದರು. ಆ ಬೆಡ್‌ಶೀಟುಗಳನ್ನು ಸೂಪರ್‌ವೈಸರ್ ಒದ್ದು, "ಲೆಕ್ಕದ್ದು ಇವು, ಒಗೀರಿ" ಎಂದ. ಅಮ್ಮ ಒಗೆದಳು. ಮೊದಲು ತಣ್ಣೀರು. ನಾನು ಅಲ್ಲೇ ನಿಂತು ನೋಡಿದೆ. ನೀರು ಬದಲಾಯಿಸಿದಷ್ಟೂ ಕೆಂಪಾಗುತ್ತಿತ್ತು.

"ಅಮ್ಮ" ಎಂದೆ.

ಅವಳು ಎದ್ದು ನನ್ನ ಕೆನ್ನೆಗೆ ಹೊಡೆದಳು. ಒದ್ದೆ ಕೈ, ಒಡೆದ ಕೈ. ಹುಟ್ಟಿದಾಗಿನಿಂದ ಹೊಡೆದಿರಲಿಲ್ಲ.

"ನನ್ನ ಕೈಗೆ ಗ್ಲೌಸು ಕೇಳಿದ ಕೈ ಕಣೆ ಅದು" ಎಂದಳು. ಮತ್ತೆ ಕೂತು ಒಗೆಯತೊಡಗಿದಳು.

ಮರುದಿನ ಮಧ್ಯಾಹ್ನ ಮಾವ ಕರೆಸಿದ. ಜಿಮ್ಮಿನಲ್ಲಿ ಮೂವರೇ. ಮಾವ, ರೇಡಿಯೋ, ನಾನು. ರೇಡಿಯೋ ಮೂಲೆಯ ನಲ್ಲಿಯ ಬಳಿ ನಿಂತು ಕೈಗೆ ಸೋಪು ಹಚ್ಚುತ್ತಿದ್ದ. ತೊಳೆದು ಮತ್ತೆ ಹಚ್ಚುತ್ತಿದ್ದ. ಬಾಯಿಂದ ಒಂದು ಮಾತಿಲ್ಲ.

"ಹುಡುಗ ಕೈ ತಪ್ಪಿ ಹೊಡೆದುಬಿಟ್ಟ" ಎಂದ ಮಾವ. "ಆದದ್ದು ಆಯ್ತು. ಈಗ ಇವನನ್ನ ಉಳಿಸ್ಕೋಬೇಕು. ನಾವು ನಾವು ಒಬ್ರಿಗೊಬ್ರು ಆಗದೆ ಇನ್ಯಾರು ಆಗ್ತಾರೆ? ನಾಳೆ ಸ್ಟೇಷನ್‌ಗೆ ಹೋಗೋಣ. ನೀನು ಒಂದು ಮಾತು ಹೇಳ್ಬೇಕು ಅಷ್ಟೇ."

"ಏನು ಮಾತು?"

"ಅಂಗಳದಲ್ಲಿ ಆ ಬಾಯ್ಲರ್‌ನವನು ನಿನ್ನ ಮೈ ಮೇಲೆ ಕೈ ಹಾಕಿದ. ನೀನು ಕೂಗಿದೆ. ರೇಡಿಯೋ ನಿಂಗೆ ಅಣ್ಣನ ಹಾಗೆ, ತಡ್ಕೊಳ್ಳೋಕೆ ಆಗ್ದೆ ಹೊಡೆದ. ಇನ್‌ಸ್ಪೆಕ್ಟರ್ ಹತ್ರ ಮಾತಾಡಿದೀನಿ. ಹುಡುಗಿ ಬಾಯಲ್ಲಿ ಬಂದ್ರೆ ಸಾಕಂತೆ."

ನನಗೆ ಮೊದಲು ಅರ್ಥವೇ ಆಗಲಿಲ್ಲ. ಆಮೇಲೆ ಮೈಯೆಲ್ಲ ಬಿಸಿಯಾಯಿತು. ನಾನು ಅದನ್ನು ಹೇಳಿದರೆ ಸಾಲುಮನೆಯಲ್ಲಿ ಒಬ್ಬ ಹೆಂಗಸೂ ಅವನ ಪರ ನಿಲ್ಲುವುದಿಲ್ಲ. ಅರ್ಜಿ ಹೋಯಿತು, ಸೋಮವಾರ ಹೋಯಿತು. ಬೆರಳಿನ ಜೊತೆ ಅವನ ಮರ್ಯಾದೆಯೂ ಹೋಯಿತು. ನನ್ನ ಮಾನವನ್ನು ಇನ್ನೊಂದು ಮಚ್ಚಿನ ಹಾಗೆ ಮಸೆಯುತ್ತಿದ್ದರು.

"ಆ ಸೂಪರ್‌ವೈಸರ್ ಹೋದ ವರ್ಷ ಒಂಬತ್ತನೇ ಬಾಗಿಲಿನ ಅಕ್ಕನ ಮೈ ಮೇಲೆ ನಿಜವಾಗಿ ಕೈ ಹಾಕಿದ" ಎಂದೆ. "ಅವಳು ಅಳ್ತಾ ಇಲ್ಲಿಗೇ ಬಂದಿದ್ಳು. ನಿಮ್ಮ ಹತ್ರಾನೇ. ಆವಾಗ ಯಾರ ಬೆರಳೂ ಹೋಗ್ಲಿಲ್ವಲ್ಲ ಮಾವ?"

ಮಾವನ ಮುಖ ಬದಲಾಗಲಿಲ್ಲ. ಅದು ನನ್ನನ್ನು ಹೆಚ್ಚು ಹೆದರಿಸಿತು. "ಅದು ಬೇರೆ ವಿಷ್ಯ" ಎಂದ.

"ಲಾಂಡ್ರಿ ಓನರ್ ನಿಮಗೇನಾಗ್ಬೇಕು?"

"ಸೊಸೆ." ಈಗ ದನಿ ತಗ್ಗಿತು. "ಬಸ್ಸಿಂದ ಇಳಿಸ್ದಾಗ ಯಾರು ಬಂದ್ರು? ನಿಮ್ಮ ಬಾಯ್ಲರ್ ಅಣ್ಣ ಬಂದ್ನಾ? ನಿಮ್ಮಮ್ಮ ಬಂದ್ಳಾ? ನಾನು ಬಂದೆ. ಅದನ್ನ ಮರೀಬೇಡ. ಸಾಲುಮನೆ ಗೋಡೆ ತೆಳು ಇದೆ. ಬೆಂಕಿ ಬಿದ್ರೆ ಒಂದೇ ಬಾಗಿಲಿಗೆ ನಿಲ್ಲಲ್ಲ."

ಹೊರಗೆ ಬಂದಾಗ ರೇಡಿಯೋ ಹಿಂದೆಯೇ ಓಡಿ ಬಂದ. ಕೈಯಿಂದ ಸೋಪಿನ ನೊರೆ ಇಳಿಯುತ್ತಿತ್ತು.

"ಮೊಳೆ. ಒಂದು ಮಾತು ಅಷ್ಟೇ. ಹೇಳ್ಬಿಡು."

"ಹೆದರ್ಸೋಕೆ ಅಂದಿದ್ರು."

"ನಂಗೂ ಹಂಗೇ ಅಂದಿದ್ದು. ಆಮೇಲೆ ಗೇಟಲ್ಲಿ ಸೂಪರ್‌ವೈಸರ್ ನಿಲ್ಸಿ, ಬರಿ ತೋರ್ಸಿ ಬಂದ್ರೆ ಮಾವಂಗೆ ಮರ್ಯಾದೆ ಇರಲ್ಲ ಅಂದ. ಮಾವ ಫೋನಲ್ಲಿ ಹೂಂ ಅಂದ." ನೊರೆಗೈಯನ್ನು ಅಂಗಿಗೆ ಒರೆಸಿಕೊಂಡ. "ನಾನು ಹೊಡೀಬೇಕು ಅಂತ ಹೊಡೆದದ್ದೋ ಇಲ್ವೋ ನಂಗೇ ಗೊತ್ತಿಲ್ಲ ಕಣೆ. ಅಣ್ಣ ನಂಗೆ ಚಿಕ್ಕೋನಿದ್ದಾಗ ಸೈಕಲ್ ಕಲಿಸಿದ್ದ."

"ಹಾಗಾದ್ರೆ ನೀನೇ ಬಂದು ಹೇಳು. ಇಬ್ರೂ ಹೇಳೋಣ."

ಅವನು ಆಗಲ್ಲ ಎಂಬಂತೆ ತಲೆ ಆಡಿಸಿದ. "ಮಾವನ್ನ ಹಿಡ್ಕೊಟ್ರೆ ನಾನ್ಯಾರು ಆಮೇಲೆ?"

ನನಗೂ ಅದೇ ಪ್ರಶ್ನೆ ಇತ್ತು. ಇವರನ್ನು ಬಿಟ್ಟರೆ ನಾನು ಯಾರು? ಕೊನೆಯ ಬೆಂಚಿನವಳು. ಅವನು ನನ್ನ ಸ್ನೇಹಿತ. ನನ್ನ ಜೊತೆ ಮೋರಿಯ ದಡದಲ್ಲಿ ಬೆಳೆದವನು. ನಾನು ಸುಳ್ಳು ಹೇಳಿದರೆ ಅವನು ಉಳಿಯುತ್ತಾನೆ. ನಿಜ ಹೇಳಿದರೆ ಅವನ ಜೊತೆ ನಾನೂ ಒಳಗೆ ಹೋಗುತ್ತೇನೆ. ಎಷ್ಟು ತೂಗಿ ನೋಡಿದರೂ ತಕ್ಕಡಿಯಲ್ಲಿ ಕೂರದೆ ಉಳಿಯುತ್ತಿದ್ದದ್ದು ಒಂದೇ. ಅಣ್ಣ ಎತ್ತಿದ ಆ ಕೈ.

ಮನೆಯಲ್ಲಿ ಅಮ್ಮನಿಗೆ ಎಲ್ಲ ಹೇಳಿದೆ. ಕಂಡಕ್ಟರನ ಹಲ್ಲಿನಿಂದ ಹಿಡಿದು ಎಲ್ಲ. ಅವಳು ಗೋಡೆಗೆ ಒರಗಿ ಕೇಳಿದಳು.

"ಹೋಗು ಅನ್ನೋಕೂ ಬಾಯಿ ಬರ್ತಿಲ್ಲ, ಬೇಡ ಅನ್ನೋಕೂ ಬರ್ತಿಲ್ಲ" ಎಂದಳು. "ನಿನ್ನನ್ನ ಒಳಗೆ ಹಾಕ್ತಾರೆ."

"ಗೊತ್ತು."

"ನಾಳೆ ನಾನೂ ಬರ್ತೀನಿ. ನೀನು ಏನು ಹೇಳಿದ್ರೂ ನಿನ್ನ ಪಕ್ಕ ನಿಂತಿರ್ತೀನಿ. ಸುಳ್ಳು ಹೇಳಿದ್ರೂ ನಿಂತಿರ್ತೀನಿ. ಆದ್ರೆ ಆಮೇಲೆ ನಿನ್ನ ಮುಖ ಹೇಗೆ ನೋಡ್ತೀನೋ ಅದು ಮಾತ್ರ ಗೊತ್ತಿಲ್ಲ."

ಸೋಮವಾರ ಹತ್ತು ಗಂಟೆಗೆ ಸ್ಟೇಷನ್ನಿಗೆ ಹೋದೆವು, ಆ ಖಾಲಿ ಚೀಲ ನನ್ನ ಹೆಗಲಲ್ಲೇ ಇತ್ತು. ಹೊರಗಿನ ಬೆಂಚಿನಲ್ಲಿ ಬಾಯ್ಲರ್ ಅಣ್ಣನ ಹೆಂಡತಿ ಕೂತಿದ್ದಳು. ಮಡಿಲಲ್ಲಿ ಅವನ ಅಂಗಿ, ಬಲತೋಳು ರಕ್ತದಲ್ಲಿ ಸೆಟೆದುಕೊಂಡಿತ್ತು. ಅದನ್ನು ಯಾರಿಗೆ ತೋರಿಸಬೇಕೋ ಗೊತ್ತಾಗದೆ ಬೆಳಗಿನಿಂದ ಕೂತಿದ್ದಳಂತೆ. ನಾನು ಅವಳನ್ನು ದಾಟಿ ಒಳಗೆ ಹೋದೆ. ಮಾವ, ಸೂಪರ್‌ವೈಸರ್ ಆಗಲೇ ಕುರ್ಚಿಯಲ್ಲಿದ್ದರು. ಅವರ ಮುಂದೆ ಚಹಾ ಇತ್ತು.

ಇನ್‌ಸ್ಪೆಕ್ಟರ್ ನನ್ನನ್ನು ನೋಡಿ ಮುಖ ಮೆತ್ತಗೆ ಮಾಡಿಕೊಂಡ. "ಹೆದರ್ಬೇಡಮ್ಮ. ಅವನು ಏನು ಮಾಡಿದ ಹೇಳು."

"ಅಣ್ಣ ಏನೂ ಮಾಡ್ಲಿಲ್ಲ. ಪರೀಕ್ಷೆ ಯಾವಾಗ ಅಂತ ಕೇಳಿದ."

ಸೂಪರ್‌ವೈಸರ್ ಕುರ್ಚಿಯಲ್ಲಿ ಮುಂದಕ್ಕೆ ಬಾಗಿದ.

"ಮಚ್ಚು ತಂದವಳು ನಾನು. ಈ ಚೀಲದಲ್ಲಿ. ಕೊಟ್ಟಿದ್ದು ಈ ಮಾವ." ಬೆರಳು ಮಾಡಿ ತೋರಿಸಿದೆ. ಕೈ ಇಳಿಸಲಿಲ್ಲ. "ಗೇಟಲ್ಲಿ ನಿಂತು ಹೊಡಿ ಅಂದಿದ್ದು ಈ ಸೂಪರ್‌ವೈಸರ್. ಹೊಡೆದಿದ್ದು ರೇಡಿಯೋ."

"ಹುಡುಗಿಗೆ ತಲೆ ಸರಿ ಇಲ್ಲ ಸಾರ್" ಎಂದ ಸೂಪರ್‌ವೈಸರ್. ಮಾವ ಚಹಾದ ಲೋಟವನ್ನು ಮೆಲ್ಲಗೆ ಕೆಳಗಿಟ್ಟ.

"ಇದನ್ನ ಯಾರು ಹೇಳ್ಕೊಟ್ರು ನಿಂಗೆ?" ಇನ್‌ಸ್ಪೆಕ್ಟರನ ಮುಖದ ಮೆದುತನ ಹೋಗಿತ್ತು.

"ಹೇಳ್ಕೊಟ್ಟಿದ್ದು ಬೇರೆ ಇತ್ತು ಸಾರ್. ಅದನ್ನ ನಾನು ಹೇಳ್ತಾ ಇಲ್ಲ."

ಅವನು ಪೆನ್ನು ಮುಟ್ಟಲಿಲ್ಲ. ಅಷ್ಟು ಹೊತ್ತಿಗೆ ಲಾಂಡ್ರಿಯ ಹದಿಮೂರು ಹೆಂಗಸರು ಬಾಗಿಲಿನ ಹೊರಗೆ ಬಂದು ನಿಂತಿದ್ದರು. ಅಮ್ಮ ಅವರಿಗೆ ಬೆಳಿಗ್ಗೆಯೇ ಹೇಳಿದ್ದಳೋ ಏನೋ. ಯಾರೂ ಘೋಷಣೆ ಕೂಗಲಿಲ್ಲ. ಸುಮ್ಮನೆ ನಿಂತರು. ಮೂಲೆಯ ಮೇಜಿನ ಮಹಿಳಾ ಪೇದೆ ಅವರನ್ನೊಮ್ಮೆ ನೋಡಿದಳು. ಇನ್‌ಸ್ಪೆಕ್ಟರನನ್ನೊಮ್ಮೆ ನೋಡಿದಳು. ಹಾಳೆ ಎಳೆದುಕೊಂಡು, "ಬಾ ಇಲ್ಲಿ, ನಿಧಾನಕ್ಕೆ ಹೇಳು" ಎಂದಳು.

ಹೇಳಿದೆ. ಅವಳು ಬರೆದಳು. ಸಹಿ ಮಾಡು ಅಂತ ಹಾಳೆ ತಿರುಗಿಸಿದಳು. ಓದಿದೆ.

"ಇದ್ರಲ್ಲಿ 'ಯಾರೋ ಕೊಟ್ಟರು' ಅಂತ ಇದೆ. ಹೆಸರಿಲ್ಲ."

"ನೀನು ಹೆಸರು ಹೇಳ್ಲಿಲ್ವಲ್ಲ. ಮಾವ ಅಂದೆ. ಮಾವ ಅಂತ ಬರೀಲಾ?"

ಸೂಪರ್‌ವೈಸರ್ ನಕ್ಕ. ನಾನು ಬಾಯಿ ತೆರೆದೆ. ಎರಡು ವರ್ಷ ಅವನಿಗಾಗಿ ಏನು ಬೇಕಾದರೂ ಹೊತ್ತಿದ್ದೆ. ಸಾಯಿ ಅಂದಿದ್ದರೆ ಸಾಯುತ್ತಿದ್ದೆನೋ ಏನೋ. ಅವನ ಹೆಸರು ನನಗೆ ಗೊತ್ತಿರಲಿಲ್ಲ.

"ನಂಗೊತ್ತು" ಎಂದಳು ಅಮ್ಮ.

ಹೇಳಿದಳು. ತಂದೆಯ ಹೆಸರನ್ನೂ ಸೇರಿಸಿ ಹೇಳಿದಳು. "ಸಾಲುಮನೆ ನಾಲ್ಕನೇ ಬಾಗಿಲಲ್ಲಿ ಹುಟ್ಟಿದೋನು. ಇವನ ತಾಯಿ ನನ್ನ ಜೊತೆ ಗಂಟು ಬಿಡಿಸ್ತಿದ್ಳು. ಬರ್ಕೋ ಮೇಡಂ."

ಮಾವ ಮೊದಲ ಸಲ ತಲೆ ತಗ್ಗಿಸಿದ. ಹೆಸರು ಬಿದ್ದ ಮೇಲೆ ನಾನು ಸಹಿ ಹಾಕಿದೆ.

ಆಮೇಲೆ ಆದದ್ದನ್ನು ಸಿಹಿ ಮಾಡಿ ಹೇಳಲಾರೆ. ಮಾವ ಒಳಗಿದ್ದದ್ದು ಒಂಬತ್ತು ದಿನ. ಸೂಪರ್‌ವೈಸರನನ್ನು ಯಾರೂ ಮುಟ್ಟಲಿಲ್ಲ. ಅವತ್ತು ಸಂಜೆಯೇ ರೇಡಿಯೋ ಸಿಕ್ಕಿಬಿದ್ದ. ನನ್ನನ್ನು ಹದಿನೆಂಟು ತುಂಬದ ಹುಡುಗಿಯರನ್ನು ಇಡುವ ಸರ್ಕಾರಿ ಹೋಮಿಗೆ ಐದು ತಿಂಗಳು ಕಳಿಸಿದರು. ಶಾಲೆಯವರು ಹೆಸರು ತೆಗೆದರು. ನಮ್ಮ ಬಾಗಿಲಿಗೆ ಒಂದು ಮಧ್ಯಾಹ್ನ ಮಾವನ ಕಡೆಯವರು ಬೆಂಕಿ ಹಚ್ಚಿದರು. ಹೆಂಗಸರು ತೊಟ್ಟಿಯ ನೀರನ್ನೇ ಹೊತ್ತು ತಂದು ಆರಿಸಿದರಂತೆ. ಅದೇ ಹೆಂಗಸರು ಹನ್ನೆರಡು ದಿನ ಗಂಟು ಬಿಚ್ಚಲಿಲ್ಲ. ಗೇಟಿನ ಮುಂದೆ ಗಂಟುಗಳು ಗುಡ್ಡೆ ಬಿದ್ದವು, ಬಿಸಿಲಿಗೆ ಹುಳ ಬಿದ್ದವು. ಓನರನ ಕಾರಿನ ಗಾಜಿನೊಳಕ್ಕೂ ವಾಸನೆ ಹೋಯಿತು. ಹದಿಮೂರನೇ ದಿನ ಗ್ಲೌಸು ಬಂತು. ಗಂಡಸರ ಅಳತೆಯದು, ಹೆಂಗಸರ ಬೆರಳ ತುದಿಯಲ್ಲಿ ಎರಡಿಂಚು ಜೋತು ಬೀಳುತ್ತಿತ್ತು. ದಾರ ಕಟ್ಟಿಕೊಂಡು ಹಾಕಿಕೊಂಡರು.

ವಿಚಾರಣೆಯ ದಿನ ಕೋರ್ಟಿನ ಹಜಾರದಲ್ಲಿ ರೇಡಿಯೋನನ್ನು ಕಂಡೆ. ತಲೆ ಬೋಳಿಸಿದ್ದರು. ಕಿವಿ ದೊಡ್ಡದಾಗಿ ಕಾಣುತ್ತಿತ್ತು. ಬೈಯುತ್ತಾನೆ, ಉಗಿಯುತ್ತಾನೆ ಅಂದುಕೊಂಡಿದ್ದೆ.

"ಊಟ ಆಯ್ತಾ ಮೊಳೆ?" ಎಂದ.

ತಲೆ ಆಡಿಸಿದೆ.

"ಮಾವ ಬಂದಿದ್ನಾ ಹೊರಗೆ? ನೋಡಿದ್ಯಾ?"

"ಇಲ್ಲ ಕಣೋ."

"ಕೆಲಸ ಇರುತ್ತೆ ಬಿಡು" ಎಂದ. ಅವನು ಒಳಗೂ ಮಾವನ ಹೆಸರು ಹೇಳಲಿಲ್ಲ. ಎರಡು ವರ್ಷ ಕೊಟ್ಟರು. ಅವನ ತಾಯಿ ನನ್ನ ಮುಂದೆ ಬಂದು, ನಿನ್ನ ಹೊಟ್ಟೆ ಉರಿದುಹೋಗಲಿ ಅಂದಳು.

ಹೋಮಿನಿಂದ ಬಂದ ಮೇಲೆ ನಾನು ತೊಟ್ಟಿಗೆ ಇಳಿದೆ. ಬೇರೆ ಯಾರೂ ಕೆಲಸ ಕೊಡಲಿಲ್ಲ. ಅಮ್ಮ ಬೇಡ ಅಂದಳು, ಅತ್ತಳು, ಕೊನೆಗೆ ಚಿಕ್ಕಮ್ಮ ಗ್ಲೌಸಿಲ್ಲದೆ ನಿಲ್ಲುತ್ತಿದ್ದ ಜಾಗದಲ್ಲಿ ನನ್ನನ್ನು ನಿಲ್ಲಿಸಿ ನನ್ನ ಕೈಗೆ ಗ್ಲೌಸು ಹಾಕಿದಳು. ಬಾಯ್ಲರ್ ಅಣ್ಣನಿಗೆ ಬಾಯ್ಲರ್ ಕೆಲಸ ಹೋಗಿತ್ತು. ಎರಡು ಬೆರಳಲ್ಲಿ ಸಲಿಕೆ ನಿಲ್ಲುವುದಿಲ್ಲ. ಅವನು ಮನೆಯಲ್ಲಿದ್ದ. ಒಂದು ಸಲ ಅವನ ಬಾಗಿಲಿಗೆ ಹೋದೆ. ಅವನು ನನ್ನನ್ನು ನೋಡಿ ಬೈಯಲೂ ಇಲ್ಲ, ಕರೆಯಲೂ ಇಲ್ಲ. ಗೋಡೆಯ ಕಡೆ ತಿರುಗಿ ಮಲಗಿದ. ಅಷ್ಟು ಅವನ ಹಕ್ಕು ಅಂತ ವಾಪಸ್ಸು ಬಂದೆ.

ಅವನ ಬದಲಿಗೆ ದುಡಿಯಲು ಅವನ ಹೆಂಡತಿ ಲಾಂಡ್ರಿಗೆ ಬಂದಳು. ಅವನು ಅಣ್ಣನಾದರೆ ಅವಳು ಅತ್ತಿಗೆಯಲ್ಲವೇ. ಖಾಲಿ ಇದ್ದದ್ದು ನನ್ನ ಎದುರಿನ ಜಾಗ ಒಂದೇ. ಒಂದೂವರೆ ತಿಂಗಳು ಎದುರುಬದುರು ನಿಂತೆವು. "ಅತ್ತಿಗೆ, ಸೋಡಾ ಬೇಕಾ" ಎಂದರೆ ಅವಳು ನಾನಿಲ್ಲದ ಹಾಗೆ ಎದ್ದು ಹೋಗಿ ತಾನೇ ತರುತ್ತಿದ್ದಳು. ತೋಯ್ದ ದೊಡ್ಡ ಬೆಡ್‌ಶೀಟನ್ನು ಒಬ್ಬಳೇ ಮೊಣಕಾಲಿಗೆ ಸುತ್ತಿ ಹಿಂಡಲು ಒದ್ದಾಡುತ್ತಿದ್ದಳು. ಹಿಂಡಿದ್ದರಲ್ಲಿ ಅರ್ಧ ನೀರು ಅವಳ ಮೈಗೇ ಇಳಿಯುತ್ತಿತ್ತು. ಸಂಜೆಯ ಹೊತ್ತಿಗೆ ತುಟಿ ನೀಲಿ.

ಒಂದು ದಿನ ಗಂಟು ಜಾಸ್ತಿ ಬಂದಿತ್ತು. ಮಧ್ಯಾಹ್ನ ಕಳೆದಿತ್ತು. ಅವಳು ಒಂದು ಬೆಡ್‌ಶೀಟನ್ನು ತೊಟ್ಟಿಯಿಂದ ಎತ್ತಿದಳು. ಎತ್ತಲಾಗಲಿಲ್ಲ. ಮತ್ತೆ ಎತ್ತಿದಳು. ಕೆಳಗೆ ಬಿಟ್ಟು ಒಂದು ನಿಮಿಷ ಹಾಗೇ ನಿಂತಳು. ನಾನು ನೋಡದ ಹಾಗೆ ನನ್ನ ಕೆಲಸ ನೋಡುತ್ತಿದ್ದೆ.

ನನ್ನ ಮುಂದೆ ಏನೋ ಒದ್ದೆಯಾದದ್ದು ಬಂದು ಬಿತ್ತು. ಬೆಡ್‌ಶೀಟಿನ ಒಂದು ತುದಿ. ಇನ್ನೊಂದು ತುದಿ ಅವಳ ಕೈಯಲ್ಲಿತ್ತು.

"ಏನು ನೋಡ್ತೀಯ?" ಎಂದಳು. ಮುಖ ಬೇರೆ ಕಡೆ ಇತ್ತು. "ಹಿಡ್ಕೊ. ನೀನು ಆ ಕಡೆ ತಿರುಗ್ಸು."

ಹಿಡಿದುಕೊಂಡೆ. ಅವಳು ಒಂದು ಕಡೆಗೆ ತಿರುಗಿಸಿದಳು, ನಾನು ಇನ್ನೊಂದು ಕಡೆಗೆ. ಅವಳು ಜೋರಾಗಿ ಎಳೆದಳು, ತುಂಬ ಜೋರಾಗಿ, ನನ್ನ ಭುಜ ಕಿತ್ತು ಬರುವಷ್ಟು. ನಾನು ಬಿಡಲಿಲ್ಲ. ನೀರು ಧಾರೆಯಾಗಿ ಇಳಿಯಿತು.